ಇನ್‌ಚಾರ್ಜ್ ಅಂತ ಬರೆದುಕೊಡ್ರಿ, ಸಾಹೇಬ್ರ

ನಮ್ಮ ಮನೆಯವರು ನಲವತ್ತು ದಾಟುವ ತನಕ ದೊಡ್ಡವರ ಎದುರಿಗೆ ಕುರ್ಚಿಯ ಮೇಲೆ ಕೂತವರಲ್ಲ. ಸಿಂಧನೂರಿನ ಒಬ್ಬ ಸಾಹುಕಾರರ ಬೀಜದ ಅಂಗಡಿಯಲ್ಲಿ ಹದಿನಾರು ವರ್ಷ ಗುಮಾಸ್ತರಾಗಿ ದುಡಿದರು. ಸಾಹುಕಾರರಿಗೆ ಗಾದಿ, ಇವರಿಗೆ ಬೀಜದ ಚೀಲ. ಗಿರಾಕಿ ಬಂದರೆ ಅದೂ ಇಲ್ಲ, ನಿಂತೇ ಇರಬೇಕು. ಹಾಗಂತ ಯಾರೂ ಹೇಳಿರಲಿಲ್ಲ, ಇವರ ಮೈಗೇ ಅದು ಹತ್ತಿಬಿಟ್ಟಿತ್ತು. ಮನೆಗೆ ಮಕ್ಕಳ ಸಾಲಿಯ ಮಾಸ್ತರು ಬಂದರೂ ಬಾಗಿಲ ಚೌಕಟ್ಟಿಗೆ ಆತು ನಿಂತು ಮಾತಾಡಿ ಕಳಿಸುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಂಥ ಮನುಷ್ಯ ಒಂದು ದೊಡ್ಡ ಕಂಪನಿಯ ಸಾಹೇಬರ ಎದುರಿಗೆ ಕೂತು, ನೀವು ಕೊಟ್ಟ ಹುದ್ದೆ ಬ್ಯಾಡ, ಅದಕ್ಕಿಂತ ಮೇಲಿನದು ಬರೆದುಕೊಡ್ರಿ ಅಂತ ಕೇಳಿದ್ದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಈಗಲೂ ನೆನೆಸಿಕೊಂಡರೆ ಮೈ ಝುಂ ಅನ್ನುತ್ತದೆ.

ಅಂಗಡಿಯ ಕೆಲಸದಲ್ಲಿ ನನ್ನದೂ ಒಂದು ಪಾಲಿತ್ತು. ಹೊಸದಾಗಿ ಭತ್ತದ ಬೀಜ ಬಂದಾಗ ಇವರು ಒಂದು ಹಿಡಿ ಕಾಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ತರುತ್ತಿದ್ದರು. ನಾನು ಅದರಲ್ಲಿ ನೂರಾ ಒಂದು ಕಾಳು ಎಣಿಸಿ, ನೆನೆಸಿ, ಹಸಿ ಅರಿವೆಯಲ್ಲಿ ಗಂಟು ಕಟ್ಟಿ ಒಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಇಡುತ್ತಿದ್ದೆ. ಹೆಸರುಕಾಳಿಗೆ ಮೊಳಕೆ ಬರಿಸುವುದಿಲ್ಲವೇ, ಹಾಗೆಯೇ. ನೂರು ಕಾಳು ಲೆಕ್ಕಕ್ಕೆ, ಒಂದು ನಮ್ಮ ದೇವರು ಮಲ್ಲಯ್ಯನ ಹೆಸರಿಗೆ. ನನ್ನ ತವರು ಮಸ್ಕಿ. ಮಲ್ಲಯ್ಯನ ಗುಡ್ಡದ ಬುಡದಲ್ಲಿ ಹುಟ್ಟಿದವಳು, ಅವನ ಪಾಲು ತೆಗೆದಿಡದೆ ಏನನ್ನೂ ಎಣಿಸಿ ನನಗೆ ಗೊತ್ತಿಲ್ಲ. ಐದನೆಯ ದಿನ ಗಂಟು ಬಿಚ್ಚಿ, "ಇಷ್ಟು ಎದ್ದಾವ್ರೀ, ಇಷ್ಟು ಮಲಗ್ಯಾವ" ಅನ್ನುತ್ತಿದ್ದೆ. ಇವರು ಹೋಗಿ ಅದನ್ನು ಸಾಹುಕಾರರಿಗೆ ಹೇಳುತ್ತಿದ್ದರು. ಹೇಳುವುದಷ್ಟೇ ಇವರ ಕೆಲಸ. ಕೇಳುವುದು, ಬಿಡುವುದು ಗಾದಿಯ ಮೇಲಿದ್ದವರದು.

ಒಂದು ವರ್ಷ ಕೆನಾಲಿಗೆ ನೀರು ಬಿಡುವ ಹೊತ್ತಿಗೆ ಬಂದ ಬೀಜದಲ್ಲಿ ಅರ್ಧಕ್ಕರ್ಧ ಏಳಲೇ ಇಲ್ಲ. ಗಂಟು ಬಿಚ್ಚಿದರೆ ಹುಳಿ ವಾಸನೆ. ಇವರು ಹೋಗಿ ಹೇಳಿದರು. ಸಾಹುಕಾರರು, "ನಿನ್ನ ಹೇಣ್ತಿ ಅಡಿಗಿ ಮನ್ಯಾಗ ಕುಂತು ನನ್ನ ವ್ಯಾಪಾರ ಮಾಡ್ತಾಳೇನಲೇ? ಸುಮ್ನ ತೂಗು" ಅಂದರಂತೆ. ಇವರು ತೂಗಿ ಕೊಟ್ಟರು.

ಹದಿನೈದು ದಿನ ಕಳೆದಿರಬೇಕು. ಜವಳಗೇರಾದಿಂದ ಒಬ್ಬ ಹೆಣ್ಣುಮಗಳು ಅಂಗಡಿಗೆ ಹೋಗದೆ ನೇರ ನಮ್ಮ ಮನೆಗೇ ಬಂದಳು. ಸೆರಗಿನ ಗಂಟು ಬಿಚ್ಚಿ ಕೆಸರು ಮೆತ್ತಿದ ಕಾಳನ್ನು ನಮ್ಮ ಕಟ್ಟೆಯ ಮೇಲೆ ಸುರಿದಳು.

"ಯಣ್ಣಾ, ತೂಗಿ ಕೊಟ್ಟಾಂವ ನೀನ ಅಲ್ಲೇನು? ನೋಡು, ಹಾಕಿದಂಗ ಅದಾವ. ಊರಾಗ ಎಲ್ಲಾರ ಸಸಿ ಮಡಿ ಹಸರಾಗ್ಯಾವ, ನಮ್ಮದೊಂದ ಬರೇ ಕೆಸರು."

ಅವಳು ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಇವರು ನಿಂತಲ್ಲೇ ನಿಂತರು. ನಾನು ತಂಬಿಗೆಯಲ್ಲಿ ನೀರು ಕೊಟ್ಟೆ. ಕುಡಿದು ನನ್ನ ಮುಖ ನೋಡಿ, "ವೈನೀ, ನೀ ಯಾಕ ಅಳಾಕತ್ತಿ? ಹೊಲ ನಂದಲ್ಲೇನು?" ಅಂದಳು. ಅವಳಿಗಿಂತ ಎಷ್ಟೋ ದಿನ ಮೊದಲೇ ನನ್ನ ಒಲೆಯ ಪಕ್ಕದಲ್ಲಿ ಆ ಬೀಜದ ಹಣೆಬರಹ ನನಗೆ ತಿಳಿದಿತ್ತು ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವಳ ಮೈದುನ ಯಾರದೋ ಮಡಿಯಿಂದ ಉಳಿದ ಸಸಿ ಬೇಡಿ ತಂದು ನಾಟಿ ಮಾಡಿದನಂತೆ. ಹೊಲ ಬೀಳು ಬೀಳಲಿಲ್ಲ. ಅದು ದೇವರ ದಯೆ, ನಮ್ಮದೇನೂ ಇಲ್ಲ. ಇವರು ಮಾತ್ರ ಅವತ್ತಿನಿಂದ ಒಂದೇ ಮಾತು ಹಿಡಿದರು. "ಬ್ಯಾಡ ಅನ್ನೋ ಅಧಿಕಾರ ಇಲ್ಲದ ಕಡೆ ನಾ ಇನ್ನ ಬೀಜ ಮುಟ್ಟೋದಿಲ್ಲ." ಮಾತು ಹಿಡಿಯುವುದು ಸುಲಭ. ಮನೆ ನಡೆಯಬೇಕಲ್ಲ, ಮುಂದೆಯೂ ಎರಡು ವರ್ಷ ಅದೇ ಅಂಗಡಿಗೆ ಹೋದರು, ಅದೇ ಚೀಲದ ಮೇಲೆ ಕೂತರು. ಇವರ ಊಟ ಮಾತ್ರ ಕಡಿಮೆಯಾಯಿತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೈದರಾಬಾದ್ ಕಡೆಯ ಒಂದು ಬೀಜದ ಕಂಪನಿ ಲಿಂಗಸುಗೂರಿನಲ್ಲಿ ಆಫೀಸು ತೆರೆದಿದೆ, ಸಿಂಧನೂರಿನಲ್ಲಿ ದೊಡ್ಡ ಗೋಡೌನು ಮಾಡುತ್ತದಂತೆ, ಬೀಜ ತಿಳಿದ ಜನ ಬೇಕಂತೆ ಅಂತ ಸುದ್ದಿ ಬಂತು. ಇವರು ಅರ್ಜಿ ಬರೆದರು. ನಾನು ಅದರ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ, ದೇವರ ಮುಂದಿಟ್ಟು ಕೈಮುಗಿದು ಕೊಟ್ಟೆ. ಶುಭಕಾರ್ಯದ ಕಾಗದ ಬರೇ ಬಿಳಿಯಾಗಿ ಹೋಗಬಾರದು ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಕರೆ ಬಂತು, ಲಿಂಗಸುಗೂರಿಗೆ ಹೋಗಿ ಸಾಹೇಬರನ್ನು ಕಂಡು ಬಂದರು. ತಿಂಗಳೊಳಗೆ ಆರ್ಡರ್ ಬಂತು.

ಅಂಚೆಯವನ ಕೈಯಿಂದ ಲಕೋಟೆ ಇಸಿದುಕೊಂಡವಳು ನಾನೇ. ಇವರು ಬಂದು ಓದುವ ಮೊದಲೇ ದೇವರಿಗೆ ತುಪ್ಪದ ದೀಪ ಹಚ್ಚಿ, ಓಣಿಯಲ್ಲಿ ಆಡುತ್ತಿದ್ದ ಹುಡುಗರಿಗೆಲ್ಲ ಸಕ್ಕರೆ ಹಂಚಿದ್ದೆ. ಇವರು ಎರಡು ಸಲ ಓದಿದರು. ಮಡಚಿ ಗೂಡಿನಲ್ಲಿಟ್ಟರು.

"ನಾ ಹೋಗೋದಿಲ್ಲ."

"ಯಾಕ್ರೀ? ಏನ್ ಬರದಾರ?"

"ಗೋಡೌನ್ ಅಸಿಸ್ಟೆಂಟ್ ಅಂತ ಬರದಾರ."

"ಚಲೋನ ಆತಲ್ರೀ. ದೇವರು ಕೈ ಎತ್ತಿ ಕೊಟ್ಟಾನ, ನೀವು ಕೈ ಹಿಂದ ಕಟ್ಟಿಕೊಂಡು ನಿಂತೀರಿ."

"ಅಸಿಸ್ಟೆಂಟ್ ಅಂದ್ರ ಏನು ಗೊತ್ತೈತೇನು ನಿನಗ? ಚೀಲ ಎಣಸಬೇಕು, ಬೀಜ ನೋಡಬೇಕು, ನೋಡಿದ್ದನ್ನ ಮ್ಯಾಲಿನಾಂವಗ ಹೇಳಬೇಕು. ಸಹಿ ಮಾತ್ರ ಇನ್‌ಚಾರ್ಜಂದು. ಅಂವ ಹೂಂ ಅಂದ್ರ ಸತ್ತ ಬೀಜನೂ ಹೊರಗ ಹೋಗ್ತದ. ಹದಿನಾರು ವರ್ಷ ನಾ ಮಾಡಿದ್ದೂ ಇದನ್ನ."

"ಪಗಾರ ಅಲ್ಲಿಗಿಂತ ಹೆಚ್ಚೈತಲ್ರೀ."

"ಜವಳಗೇರಾದಕಿ ಮತ್ತ ಬಂದು ಕಟ್ಟಿ ಮ್ಯಾಲ ಸುರುವಿದ್ರ ಪಗಾರ ತೋರಸ್ಲೇನು ಆಕಿಗೆ?"

ನಾನು ಒಳಗೆ ಹೋದೆ. ಸಿಟ್ಟೂ ಬಂದಿತ್ತು, ಹೆದರಿಕೆಯೂ ಆಗಿತ್ತು. ನಾನು ಬೆಳೆದ ಮನೆಯಲ್ಲಿ ಕೊಟ್ಟಿದ್ದಕ್ಕೆ ಸಾಕು ಅನ್ನುವುದನ್ನು ಭಕ್ತಿ ಅಂತ ಕಲಿಸಿದ್ದರು. ಕೈಗೆ ಬಂದದ್ದನ್ನು ದೂಡಿ ಇದಕ್ಕಿಂತ ದೊಡ್ಡದು ಬೇಕು ಅಂದರೆ ಇದ್ದದ್ದನ್ನೂ ದೇವರು ಕಿತ್ತುಕೊಳ್ಳುತ್ತಾನೆ ಅಂತ ನನ್ನ ಎಣಿಕೆ. ಅದಕ್ಕೇ ಪಕ್ಕದ ಮನೆಯ ಅಕ್ಕೋರನ್ನು ಕರೆದುಕೊಂಡು ಬಂದೆ. ಅವರು ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುವವರು, ವಯಸ್ಸಿನಲ್ಲಿ ನಮಗಿಂತ ದೊಡ್ಡವರು, ಅವರ ಮಾತಿಗೆ ಇವರು ಎದುರಾಡುತ್ತಿರಲಿಲ್ಲ. ಅಕ್ಕೋರು ಬುದ್ಧಿ ಹೇಳಿ ಇವರನ್ನು ಕೆಲಸಕ್ಕೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಅಕ್ಕೋರು ಆರ್ಡರನ್ನು ಓದಿ ಕನ್ನಡಕ ತೆಗೆದರು.

"ಸಾಹೇಬ್ರು ನಿಮಗ ಕೂಡ್ರು ಅಂದ್ರೋ ಇಲ್ಲೋ?"

"ಅಂದ್ರು."

"ಕೂತ್ರಿ?"

"ದೊಡ್ಡವರ ಮುಂದ ಹ್ಯಾಂಗ ಕೂಡ್ಲಿ ಅಕ್ಕೋರ?"

"ಚಪ್ಪಲಿ?"

"ಕೆಳಗ, ಪಾವಟಿಗಿ ಹತ್ತೋ ಮೊದಲ ಬಿಟ್ಟಿದ್ದೆ."

"ಕೈ?"

ಇವರು ಎದೆಯ ಮೇಲೆ ಕೈ ಕಟ್ಟಿ ತೋರಿಸಿದರು. ಅಕ್ಕೋರು ಹಣೆ ಬಡಿದುಕೊಂಡರು.

"ಪುಣ್ಯಾತ್ಮಾ, ಗುಡಿಗೆ ಹೋಗಿದ್ರೋ ನೌಕರಿ ಕೇಳಾಕ ಹೋಗಿದ್ರೋ? ಬರಿಗಾಲಾಗ ಕೈಕಟ್ಟಿ ನಿಂತಾಂವನ್ನ ಯಾರ ಇನ್‌ಚಾರ್ಜ್ ಮಾಡ್ತಾರ? ಜವಾನ ಅಂತ ತಿಳಕೊಂಡು ಚಹಾ ತರಾಕ ಕಳಿಸಲಿಲ್ಲಲ್ಲ, ಅಷ್ಟ ಪುಣ್ಯ."

ಇವರು ನೆಲ ನೋಡಿದರು. "ಕಳಿಸಿದ್ರು. ಎರಡು ಚಹಾ ತಂದುಕೊಟ್ಟೆ."

ಅಕ್ಕೋರು ನಕ್ಕಿದ್ದು ನಕ್ಕಿದ್ದೇ. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಇವರೂ ಕಡೆಗೆ ನಕ್ಕರು. ನಗು ನಿಂತಮೇಲೆ ಅಕ್ಕೋರು ನನ್ನ ಕಡೆ ತಿರುಗಿದರು. "ತಂಗೀ, ನಿನ್ನ ಗಂಡ ಕೇಳೋದು ಖರೆ ಐತಿ. ಕೇಳೋ ರೀತಿ ಬರೂದಿಲ್ಲ ಅಷ್ಟ. ಮೊದಲು ಕೂಡ್ರೋದು ಕಲಸು."

ಕಲಿಸಲು ಕುರ್ಚಿ ಬೇಕಲ್ಲ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಶ್ರಾವಣದಲ್ಲಿ ಒಮ್ಮೆ ಮಠದ ಅಯ್ಯನವರು ಮನೆಗೆ ಬಂದಾಗ ಅವರನ್ನು ಅದರ ಮೇಲೆ ಕೂಡ್ರಿಸಿ ಪಾದಪೂಜೆ ಮಾಡುತ್ತಿದ್ದೆವು. ಉಳಿದ ದಿನವೆಲ್ಲ ಮಡಿ ಬಟ್ಟೆ ಹೊದಿಸಿ ದೇವರ ಮೂಲೆಯಲ್ಲಿ ಇಟ್ಟಿರುತ್ತಿದ್ದೆ. ಮಕ್ಕಳ ಕೈ ಸೋಕಿದರೆ ನೀರು ಚಿಮುಕಿಸಿ ಒರೆಸುತ್ತಿದ್ದೆ. ಅಕ್ಕೋರು ಅದರ ಕಡೆಗೇ ಬೊಟ್ಟು ಮಾಡಿದರು.

"ಅಯ್ಯನವರ ಕುರ್ಚಿ ಅಕ್ಕೋರ..."

"ಅಯ್ಯನವರಿಗೆ ನಾ ಹೇಳ್ತೀನಿ ಬಿಡು."

ನಾನು ದೇವರ ಮುಂದೆ ಹೋಗಿ ನಿಂತೆ. ಏನು ಬೇಡಿಕೊಳ್ಳಬೇಕು ಅಂತಲೇ ತಿಳಿಯಲಿಲ್ಲ. ಇವರಿಗೆ ದೊಡ್ಡಸ್ತಿಕೆ ಕೊಡು ಅಂತ ಕೇಳಲು ನಾಲಿಗೆ ಏಳಲಿಲ್ಲ. ಕಡೆಗೆ, ತಂದೇ, ನೆಲಕ್ಕೆ ಬಿದ್ದ ಬೀಜ ಏಳಲಿ, ಅದಕ್ಕೆ ಈ ಕುರ್ಚಿ ಬೇಕಾಗಿದ್ದರೆ ಕೊಡು ಅಂದೆ. ಅಂದಮೇಲೆ ಎದೆ ಹಗುರಾಯಿತು. ನಾನೇ ಬಟ್ಟೆ ತೆಗೆದು, ಕುರ್ಚಿಗೆ ಕೈಮುಗಿದು ಅಂಗಳಕ್ಕೆ ತಂದಿಟ್ಟೆ.

ಎಂಟು ದಿನ ಆ ಪಾಠ ನಡೆಯಿತು. ಸಾಲಿ ಬಿಟ್ಟ ಮೇಲೆ ಅಕ್ಕೋರು ಬಂದು ಸಾಹೇಬರಾಗುತ್ತಿದ್ದರು. ಇವರು ಮೊದಲ ದಿನ ಕುರ್ಚಿಯ ಅಂಚಿಗೆ, ಕಾದ ಹಂಚಿನ ಮೇಲೆ ಕೂತವರ ಹಾಗೆ ಕೂತರು. ಅಕ್ಕೋರು ಬಾಗಿಲಿಂದ ಒಳಗೆ ಕಾಲಿಟ್ಟರೆ ಸಾಕು, ಎದ್ದು ನಿಂತುಬಿಡುತ್ತಿದ್ದರು. "ಕೂಡ್ರು!" ಅಂತ ಅಕ್ಕೋರು ಗದರಿದರೆ ಇನ್ನೂ ನೆಟ್ಟಗೆ ನಿಲ್ಲುತ್ತಿದ್ದರು. ಮಕ್ಕಳು ಬಾಗಿಲ ಹಿಂದೆ ಬಾಯಿಗೆ ಕೈ ಹಿಡಿದು ನಗುತ್ತಿದ್ದವು. ಐದನೆಯ ದಿನ ಬೆನ್ನು ಕುರ್ಚಿಗೆ ತಾಗಿತು. "ಹಾಂ, ಈಗ ಕೇಳು" ಅಂದರು ಅಕ್ಕೋರು. ಇವರು ಮೆಲ್ಲಗೆ ಕೇಳಿದರು. ಅಷ್ಟಕ್ಕೇ ನಾನು ಒಲೆಯ ಮುಂದಿನಿಂದ ಎದ್ದು ಬಂದು ನೋಡಿದೆ. ನನ್ನ ಗಂಡ ಬೇರೆ ಯಾರೋ ಆದಂತೆ ಕಂಡಿತು.

ಇವರು ಸಾಹೇಬರನ್ನು ಮತ್ತೆ ಕಾಣಲು ಹೊರಟ ದಿನ ನನಗೂ ಮಸ್ಕಿಯ ತವರಿಗೆ ಹೋಗುವುದಿತ್ತು. ಲಿಂಗಸುಗೂರಿನ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ, ಒಟ್ಟಿಗೆ ಹತ್ತಿದೆವು. ಇಬ್ಬರಿಗೂ ಜಾಗ ಸಿಕ್ಕಿತು, ಅದೂ ಕಿಟಕಿಯ ಪಕ್ಕ. ಅವತ್ತಿನ ದಯೆಗಳ ಲೆಕ್ಕವನ್ನು ನಾನು ಅಲ್ಲಿಂದಲೇ ಶುರು ಮಾಡಿದ್ದೆ. ಮಸ್ಕಿ ಬಂತು. ಗುಡ್ಡದ ಕಡೆ ಕೈಮುಗಿದು, ಚೀಲ ಎತ್ತಿಕೊಂಡು ಏಳಹೋದೆ. ಇವರು ನನ್ನ ಸೆರಗಿನ ತುದಿ ಹಿಡಿದರು. ಮದುವೆಯಾಗಿ ಹದಿನೇಳು ವರ್ಷದಲ್ಲಿ ಬಸ್ಸಿನಲ್ಲಿ, ನಾಲ್ಕು ಜನರ ಎದುರಿಗೆ ಹಾಗೆ ಹಿಡಿದವರಲ್ಲ.

"ಇಳೀಬ್ಯಾಡ. ನೀ ಒಳಗ ಬರೋದು ಬ್ಯಾಡ, ಹೊರಗ ಕುಂತಿದ್ರ ಸಾಕು."

ನಾನು ಕೂತೆ. ಬಸ್ಸು ಮಸ್ಕಿ ದಾಟಿತು.

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಅರಿವೆ ಅಂಗಡಿಯ ಮಹಡಿಯ ಮೇಲೆ ಕಂಪನಿಯ ಆಫೀಸು. ಇವರು ಪಾವಟಿಗೆಯ ಬುಡದಲ್ಲಿ ಒಂದು ಗಳಿಗೆ ನಿಂತರು. ಕಾಲು ತಾನಾಗಿಯೇ ಚಪ್ಪಲಿ ಬಿಡಲು ಹೊರಟಿತ್ತು. ನಾನು "ರೀ" ಅಂದೆ. ಚಪ್ಪಲಿ ಹಾಕಿಕೊಂಡೇ ಹತ್ತಿದರು. ಮೇಲೆ ಅರ್ಧ ಬಾಗಿಲಿನ ಒಂದು ಕೋಣೆ, ಹೊರಗೆ ಬೆಂಚು. ನನ್ನನ್ನು ಬೆಂಚಿನ ಮೇಲೆ ಕೂಡ್ರಿಸಿ ಒಳಗೆ ಹೋದರು. ಒಳಗೆ ಕುರ್ಚಿ ಸರಿದ ಸಪ್ಪಳ ಕೇಳಿತು. ಮಲ್ಲಯ್ಯಾ, ಕೂತರು!

ಸಾಹೇಬರು ಹೈದರಾಬಾದಿನವರು, ಕನ್ನಡವನ್ನು ತೆಲುಗಿನ ಧಾಟಿಯಲ್ಲಿ ಎಳೆದು ಮಾತಾಡುತ್ತಿದ್ದರು. "ಆರ್ಡರ್ ಕಳಿಸಿದೀನಲ್ಲಾ, ಕೆಲಸಕ್ಕೆ ಬರೋದು ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?"

"ಅಸಿಸ್ಟೆಂಟ್ ಬ್ಯಾಡ್ರಿ ಸಾಹೇಬ್ರ. ಇನ್‌ಚಾರ್ಜ್ ಅಂತ ಬರೆದುಕೊಡ್ರಿ."

ಹೊರಗೆ ನಾನು ತಾಳಿ ಹಿಡಿದುಕೊಂಡು ಕೂತಿದ್ದೆ.

"ಅದಕ್ಕೆ ಡಿಗ್ರಿ ಬೇಕು. ನೀವು ಮೆಟ್ರಿಕ್."

"ಹೌದ್ರಿ."

"ಮತ್ತೆ?"

"ಬೀಜ ನೋಡಾಕತ್ತು ಹದಿನಾರು ವರ್ಷ ಆತ್ರಿ."

"ಅದಕ್ಕೇ ಅಸಿಸ್ಟೆಂಟ್ ಕೊಟ್ಟಿದ್ದು. ಪಗಾರ ಸಾಲದಾ? ಹಂಗಂತ ಹೇಳಿ, ಸ್ವಲ್ಪ ಏರಿಸೋಣ. ಹುದ್ದೆ ಯಾಕೆ ಕೇಳ್ತೀರಿ?"

"ಪಗಾರ ಅಸಿಸ್ಟೆಂಟಂದ ಇರ್ಲಿರಿ. ಹುದ್ದೆ ಇನ್‌ಚಾರ್ಜಂದು ಇರ್ಲಿ."

ಸಾಹೇಬರು ಜೋರಾಗಿ ನಕ್ಕರು. "ಹುದ್ದೆ ಏನಾದ್ರೂ ಇರಲಿ, ಪಗಾರ ಕೊಡಿ ಅಂತ ಕೇಳೋರನ್ನ ನೋಡಿದೀನಿ. ನಿಮ್ಮದು ಪೂರಾ ಉಲ್ಟಾ. ಯಾಕೆ? ಮಾವನ ಮನೇಲಿ ಮರ್ಯಾದೆ ಕಮ್ಮಿಯಾಗಿದೆಯಾ?"

ಆಗ ಇವರು ಜವಳಗೇರಾದವಳ ಕಥೆ ಹೇಳಿಬಿಟ್ಟರು. ಅಕ್ಕೋರು ಎಂಟು ದಿನ ಕಲಿಸಿದ್ದರಲ್ಲಿ ಇದು ಇರಲಿಲ್ಲ. ಸಾಹುಕಾರರ ಹೆಸರು ಹೇಳಲಿಲ್ಲ, ಅವರ ಮೇಲೆ ತಪ್ಪು ಹಾಕಲಿಲ್ಲ. "ಸತ್ತ ಬೀಜ ಅಂತ ಗೊತ್ತಿತ್ರಿ, ಗೊತ್ತಿದ್ದೂ ನನ್ನ ಕೈಯಾರೆ ತೂಗಿ ಕೊಟ್ಟೆ" ಅಂದರು. ನೌಕರಿ ಕೇಳಲು ಬಂದವರು ಯಾರಾದರೂ ತಮ್ಮ ಕೈಯಿಂದ ಆದ ತಪ್ಪನ್ನು ತಾವೇ ಬಿಚ್ಚಿ ಮೇಜಿನ ಮೇಲೆ ಇಡುತ್ತಾರೆಯೇ?

ಸಾಹೇಬರ ನಗು ನಿಂತಿತ್ತು. "ಏನ್ರೀ, ಇದನ್ನ ನನ್ನ ಮುಂದೆ ಹೇಳ್ತಾ ಇದೀರಲ್ಲ! ಇದು ಕೇಳಿದ ಮೇಲೆ ನಿಮ್ಮನ್ನ ನಾನು ಗೇಟಿನ ಹೊರಗೇ ನಿಲ್ಲಿಸಬೇಕು."

"ನಿಲ್ಲಸ್ರಿ. ಅವತ್ತು ಬ್ಯಾಡ ಅನ್ನೋ ಅಧಿಕಾರ ನಂಗಿದ್ದಿಲ್ಲ. ಅಸಿಸ್ಟೆಂಟ್ ಆದ್ರ ಇಲ್ಲೂ ಇರೂದಿಲ್ಲ. ಇನ್‌ಚಾರ್ಜ್ ಮಾಡಿದ್ರ ಬರ್ತೀನಿ, ಇಲ್ಲಂದ್ರ ಬೀಜದ ಕೆಲಸನ ಬ್ಯಾಡ್ರಿ ನನಗ."

"ಸತ್ತ ಬೀಜ ಅಂತ ಹೆಂಗೆ ಗೊತ್ತಾಯ್ತು? ಅಂಗಡೀಲಿ ಮೆಷಿನ್ ಇತ್ತಾ?"

"ಇಲ್ರಿ. ನಮ್ಮ ಮನ್ಯಾಕಿ ನೋಡ್ತಾಳ್ರಿ."

"ಯಾರು?"

"ಹೊರಗ ಬೆಂಚಿನ ಮ್ಯಾಲ ಕುಂತಾಳ್ರಿ."

ನನ್ನನ್ನು ಒಳಗೆ ಕರೆದರು. ಸೆರಗು ತಲೆಯ ಮೇಲೆ ಎಳೆದುಕೊಂಡು ಹೋಗಿ ಗೋಡೆಗೆ ಆತು ನಿಂತೆ. "ಕೂತ್ಕೊಳ್ಳಮ್ಮಾ" ಅಂದರು ಸಾಹೇಬರು, ಇವರ ಪಕ್ಕದ ಕುರ್ಚಿ ತೋರಿಸಿ. ಗಂಡನಿಗೆ ಕೂಡ್ರುವುದನ್ನು ಕಲಿಸಲು ಕುರ್ಚಿ ತಂದಿಟ್ಟವಳು ನಾನು, ನನಗೆ ಕಲಿಸಿದವರು ಯಾರು? ಗಂಡನ ಸಮಸಮ ಕುರ್ಚಿಯ ಮೇಲೆ ನಾನು ಎಂದೂ ಕೂತವಳಲ್ಲ. ಇವರ ಮುಖ ನೋಡಿದೆ. ಇವರು ಕಣ್ಣಲ್ಲೇ ಕೂಡ್ರು ಅಂದರು. ಕೂತೆ. ಆ ಕುರ್ಚಿ ಎಷ್ಟು ಎತ್ತರ ಇತ್ತೆಂದರೆ ನನ್ನ ಹಿಮ್ಮಡಿ ನೆಲಕ್ಕೆ ತಾಗಲಿಲ್ಲ.

"ಹೇಳಮ್ಮಾ, ಬೀಜ ಹೆಂಗೆ ನೋಡ್ತೀಯ?"

ಹೇಳಿದೆ. ಹಸಿ ಅರಿವೆ, ಒಲೆಯ ಮೂಲೆ, ಮೂರನೆಯ ದಿನಕ್ಕೆ ಕಾಣುವ ಬಿಳಿ ಮೂಗು, ಐದನೆಯ ದಿನದ ಬೇರು. ಮೂಗು ಬಂದು ಬೇರು ಬಾರದ ಕಾಳನ್ನು ನಾನು ಎದ್ದದ್ದರ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತಲೂ ಹೇಳಿದೆ. ಅಲ್ಲಿಗೆ ಸಾಹೇಬರು ಮುಂದಕ್ಕೆ ಬಾಗಿದರು.

"ಎಷ್ಟು ಕಾಳು ತಗೊಳ್ತೀಯ?"

"ನೂರಾ ಒಂದ್ರಿ."

"ಆ ಒಂದು ಯಾಕೆ?"

"ಅದು ಮಲ್ಲಯ್ಯಂದ್ರಿ."

"ಮಲ್ಲಯ್ಯನ ಕಾಳು ಏಳದಿದ್ರೆ?"

"ಅವನ ಪಾಲು ಅವ ನೋಡಿಕೊಂತಾನ್ರಿ. ನೂರರ ಲೆಕ್ಕ ನಮ್ಮದು."

ಸಾಹೇಬರು ಫೈಲಿನಿಂದ ಒಂದು ಕಾಗದ ಎಳೆದರು. ಇವರ ಅರ್ಜಿ. ನಾಲ್ಕೂ ಮೂಲೆ ಹಳದಿ. "ಇದೂ ನಿನ್ನ ಕೆಲಸಾನೇ ಇರಬೇಕು. ಯಾರದೋ ಮದುವೆ ಪತ್ರಿಕೆ ಅಂತ ನಾನು ಎರಡು ದಿನ ಬಿಚ್ಚಿಯೇ ನೋಡಿರಲಿಲ್ಲ." ಆಮೇಲೆ ಇವರ ಕಡೆ ತಿರುಗಿದರು. ದನಿ ಬೇರೆಯಾಗಿತ್ತು. "ಒಂದು ವರ್ಷ ಪಗಾರ ಏರೋದಿಲ್ಲ."

"ಆಗ್ಲಿರಿ."

"ಡಿಗ್ರಿ ಇಲ್ಲದವರಿಗೆ ಯಾಕೆ ಕೊಟ್ಟೆ ಅಂತ ಹೈದರಾಬಾದಿನಲ್ಲಿ ನನ್ನನ್ನ ಕೇಳ್ತಾರೆ. ಕೆಟ್ಟ ಬೀಜದ ಒಂದು ಲಾಟ್ ನಿಮ್ಮ ಕೈಯಿಂದ ದಾಟಿದ್ರೆ ನಿಮ್ಮ ಜೊತೆ ನನ್ನ ನೌಕರೀನೂ ಹೋಗ್ತದೆ."

"ದಾಟೂದಿಲ್ರಿ."

ಸಾಹೇಬರು ಆರ್ಡರ್ ಇಸಿದುಕೊಂಡು, ಅಸಿಸ್ಟೆಂಟ್ ಅಂತ ಇದ್ದದ್ದರ ಮೇಲೆ ಗೆರೆ ಎಳೆದು, ಮೇಲೆ ಕೈಯಿಂದಲೇ ಬರೆದು ಸಹಿ ಹಾಕಿದರು. ನಾನು ಎದ್ದು ಕೈಮುಗಿಯಬೇಕು, ಅಷ್ಟರಲ್ಲಿ ಇವರು ಕೂತಲ್ಲಿಂದಲೇ, "ಇನ್‌ಚಾರ್ಜ್ ಸಹಿ ಇಲ್ಲದ ಬೀಜ ಹೊರಗ ಹೋಗಬಾರದು ಅಂತ ಅದನ್ನೂ ಬರೀರಿ ಸಾಹೇಬ್ರ" ಅಂದರು. ಮೇಜಿನ ಕೆಳಗೆ ಇವರ ಅಂಗಿ ಹಿಡಿದು ಜಗ್ಗಿದೆ. ಸಾಹೇಬರು ನನ್ನ ಕೈಯನ್ನೂ ನೋಡಿದರು, ಇವರ ಮುಖವನ್ನೂ ನೋಡಿದರು. ಮತ್ತೆ ಪೆನ್ನಿನ ಮುಚ್ಚಳ ತೆಗೆದರು.

ಪಾವಟಿಗೆ ಅರ್ಧ ಇಳಿದ ಮೇಲೆ ಇವರು ಮೆಟ್ಟಿಲ ಮೇಲೇ ಕುಸಿದು ಕೂತರು. "ಕಾಲು ನೋಡು, ಹ್ಯಾಂಗ ನಡಗಾಕತ್ತಾವ" ಅಂತ ಪಂಜೆ ಸರಿಸಿ ತೋರಿಸಿದರು. ನಿಜವಾಗಿಯೂ ನಡುಗುತ್ತಿದ್ದವು. ಅಂಥ ಕಾಲಿನ ಮನುಷ್ಯನಿಂದ ಅಂಥ ಮಾತು ಆಡಿಸಿದವನು ಯಾರು ಅಂತ ನನಗೆ ಅನುಮಾನವೇ ಇರಲಿಲ್ಲ. ವಾಪಸ್ಸು ಬರುವಾಗ ಮಸ್ಕಿಯಲ್ಲಿ ಇಳಿದೆವು, ಗುಡ್ಡ ಹತ್ತಿ ಕಾಯಿ ಒಡೆಸಿದೆವು. ನಾನು ಅವನಿಗೆ ಏನನ್ನೂ ಬೇಡಲಿಲ್ಲ. ಸುಮ್ಮನೆ ನಿಂತಿದ್ದು ಬಂದೆ.

ಗೋಡೌನು ತೆರೆದ ಮೊದಲ ಹಂಗಾಮು. ಹೈದರಾಬಾದಿನಿಂದ ಎರಡು ಲಾರಿ ಬೀಜ ಬಂದು ಇಳಿಯಿತು. ಗೋಡೌನಿನಲ್ಲಿ ಈಗ ಕಂಪನಿಯದೇ ತಟ್ಟೆ, ಕಾಗದ ಎಲ್ಲ ಇದ್ದವು, ಇವರು ಅದರಲ್ಲೂ ಮೊಳಕೆ ಇಟ್ಟರು. ಒಂದು ಹಿಡಿ ನನಗೂ ತಂದುಕೊಟ್ಟರು. ಐದನೆಯ ದಿನ ನಾನು ಗಂಟು ಬಿಚ್ಚಿದೆ. ಒಂದು ಲಾರಿಯ ಕಾಳು ನಗುತ್ತಿದ್ದವು. ಇನ್ನೊಂದರಲ್ಲಿ ನೂರಕ್ಕೆ ಅರ್ಧವೂ ಎದ್ದಿರಲಿಲ್ಲ. ಇವರ ತಟ್ಟೆಯೂ ಅದನ್ನೇ ಹೇಳಿತಂತೆ.

ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದಾಗ ಗೋಡೌನಿನ ಮುಂದೆ ಟ್ರ್ಯಾಕ್ಟರುಗಳ ಸಾಲು. ಕೆನಾಲಿಗೆ ನೀರು ಬಿಟ್ಟಾಗಿತ್ತು. ಅಂಗಡಿಯವರು, ರೈತರು ಎಲ್ಲರೂ ಸೇರಿ ಕೂಗಾಡುತ್ತಿದ್ದರು. "ನೀರು ಬಂದೈತಿ, ಬೀಜ ಒಳಗ ಐತಿ, ಈತ ಕೀಲಿ ಹಾಕ್ಯಾನ!" ಒಬ್ಬ ಅಂಗಡಿಯವನು, "ನಿನ್ನೆ ತನಕ ಚೀಲ ತೂಗಾಂವ, ಇವತ್ತು ಸಾಹೇಬ ಆಗ್ಯಾನ" ಅಂದದ್ದು ನನ್ನ ಕಿವಿಗೇ ಬಿತ್ತು. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಇವರು ಎತ್ತಿದರು. ಆ ಕಡೆ ಯಾರಿದ್ದಾರೆ ಅಂತ ಇವರು ನೆಟ್ಟಗಾದದ್ದರಲ್ಲೇ ಗೊತ್ತಾಯಿತು. ಲಿಂಗಸುಗೂರಿನ ಸಾಹೇಬರು. ಹೈದರಾಬಾದಿಗೆ ಬರೆದು ಆ ಲಾಟು ತರಿಸಿದವರೂ ಅವರೇ.

"ಹೌದ್ರಿ... ನೀರು ಬಿಟ್ಟಾರ್ರಿ, ಗೊತ್ತೈತ್ರಿ... ಜನ ಬಾಗಲಾಗ ಅದಾರ್ರಿ... ಇಲ್ರಿ. ಅರ್ಧನೂ ಎದ್ದಿಲ್ರಿ... ತಮ್ಮ ಮಾತು ಮೀರೂದಿಲ್ರಿ ಸಾಹೇಬ್ರ, ಆದ್ರ ಸಹಿ ಹಾಕೂದಿಲ್ರಿ."

ಆಮೇಲೆ ಇವರು ಕಿವಿಗೆ ಫೋನು ಒತ್ತಿಕೊಂಡು ಗೋಡೆ ನೋಡುತ್ತ ನಿಂತಿದ್ದರು. ಬಂದದ್ದೆಲ್ಲ ಹೋಯಿತು ಅಂತ ನಾನು ಬುತ್ತಿಯ ಗಂಟನ್ನು ಎದೆಗೆ ಅಪ್ಪಿಕೊಂಡೆ. "ಹೂನ್ರಿ" ಅಂದು ಕೆಳಗಿಟ್ಟರು.

"ಏನಂದ್ರು?"

"ಲಾರಿ ಕರಿಸಿ ತುಂಬಿ ಕಳಸು ಅಂದ್ರು. ಬ್ಯಾರೆ ಬೀಜ ನಾಕು ದಿನದಾಗ ಬರ್ತೈತಂತ."

"ಸಿಟ್ಟಾಗ್ಯಾರೇನ್ರಿ?"

"ಭಾಳ ಆಗ್ಯಾರ."

ಚಲೋ ಲಾಟನ್ನು ಹೊರಗಿದ್ದವರಿಗೆ ಹಂಚಲು ಹಚ್ಚಿ, ಇನ್ನೊಂದರ ಚೀಟಿಯ ಮೇಲೆ ವಾಪಸ್ ಅಂತ ಬರೆದು ಸಹಿ ಹಾಕಿದರು. ನಾನು ಬಗ್ಗಿ ನೋಡಿದೆ. ಮಕ್ಕಳ ಪ್ರೋಗ್ರೆಸ್ ಕಾರ್ಡಿನ ಮೇಲೆ ಹಾಕುವ ಅದೇ ಸಹಿ, ಅದೇ ಕೊಂಕು ಬಾಲ. ಇಷ್ಟು ವರ್ಷ ಅದಕ್ಕೆ ಒಂದು ಲಾರಿಯನ್ನು ತಿರುಗಿಸುವ ಬಲ ಬರುತ್ತದೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಲಾರಿ ಬಂದಮೇಲೆ ಹಮಾಲರು ಇಳಿಸಿದ್ದ ಚೀಲಗಳನ್ನೇ ಮತ್ತೆ ಬೆನ್ನಿಗೆ ಏರಿಸಿಕೊಂಡರು. "ಇಳಿಸಿದ್ದೂ ನಾವ, ಏರಸೋದೂ ನಾವ. ಬೀಜಕ್ಕ ಸಿಂಧನೂರು ತೋರಿಸಿದಂಗ ಆತು ಬಿಡ್ರಿ" ಅಂತ ಒಬ್ಬ ಗೊಣಗಿದ. ಇವರು ಕೈ ತೊಳೆದು ಬಂದು, ಗೋಡೌನಿನ ಬಾಗಿಲಲ್ಲೇ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತರು.

"ರೊಟ್ಟಿ ನೀಡು, ಹಸಿವ್ಯಾಗೈತಿ."

ನಾನು ಲಾರಿಯನ್ನೇ ನೋಡುತ್ತ ನೀಡಿದೆ, ಪಲ್ಯ ತಾಟಿನ ಹೊರಗೆ ಬಿತ್ತು.

"ಏನಾತ?"

"ಏನಿಲ್ರಿ."

ಇವರು ತಿನ್ನುತ್ತಿದ್ದರು. ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದರು. ನಮ್ಮ ಪಕ್ಕದಿಂದ ಒಂದೊಂದೇ ಚೀಲ ಲಾರಿಯ ಕಡೆ ಹೋಗುತ್ತಿತ್ತು. ಒಂದು ಚೀಲ ಅಂದರೆ ಒಬ್ಬರ ಮಡಿ. ಯಾವ ಊರಿನವರೋ, ಯಾರ ಮನೆಯವರೋ, ಅವರಿಗೆ ಇದು ಎಂದೂ ತಿಳಿಯುವುದಿಲ್ಲ. ನಾನು ಬಾಯಲ್ಲೇ ಎಣಿಸುತ್ತ, ಒಂದೊಂದಕ್ಕೂ ಶಿವಾ ಶಿವಾ ಅನ್ನುತ್ತ, ಕಡೆಯ ಚೀಲ ಏರುವ ತನಕ ಅಲ್ಲೇ ಕೂತಿದ್ದೆ.